ಬಿಸಿಲು ಎಡಕ್ಕೆ ಸರಿಯುವ ಊರಿನಲ್ಲಿ

ಹೊಸನಗರ

ಮಳೆ ಬೀಳುವ ಊರಿನಲ್ಲಿದ್ದುಕೊಂಡು ಆಕಾಶ ನೋಡುವ ಚಟ ಅಂಟಿಸಿಕೊಂಡವನ ಪಾಡು ಯಾರಿಗೂ ಬೇಡ. ಜೂನ್ ಬಂತೆಂದರೆ ನಮ್ಮ ತಲೆಯ ಮೇಲೆ ಆಕಾಶವೆಂಬುದೇ ಇರುವುದಿಲ್ಲ. ದೂರದರ್ಶಕಕ್ಕೆ ಕಂಬಳಿ ಹೊದಿಸುತ್ತೇನೆ. ಅದರ ಕನ್ನಡಿಗೆ ಬೂಷ್ಟು ಹಿಡಿಯದಂತೆ ಪಕ್ಕದಲ್ಲೊಂದು ಬಲ್ಬು ಉರಿಸಿಡುತ್ತೇನೆ. ಆಮೇಲೆ ದೀಪಾವಳಿಯವರೆಗೆ ನನ್ನ ಫೋಟೋ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುತ್ತಾ ಚಡಪಡಿಸುವುದೇ ಕೆಲಸ. ಗಿರಾಕಿಗಳಿಗೆ 'ಅಲುಗಾಡಬೇಡಿ' ಎಂದು ಗದರಿಸುವ ನಾನು ಒಂದು ಕಡೆ ಎರಡು ನಿಮಿಷ ನಿಲ್ಲುವವನಲ್ಲ.

ನಕ್ಷತ್ರ ಸಿಗದ ತಿಂಗಳುಗಳಿಗೆಂದೇ ಇನ್ನೊಂದು ಹವ್ಯಾಸ ಬೆಳೆಸಿಕೊಂಡಿದ್ದೇನೆ. ಅದಕ್ಕೆ ನಾನಿಟ್ಟ ಹೆಸರು ಕಣ್ಣಿನ ಚೇಷ್ಟೆ. ಆಗುಂಬೆಯ ಮಂಜಿನಲ್ಲಿ ಗಾಡಿಯ ದೀಪಕ್ಕೆ ಬೆನ್ನು ಮಾಡಿ ನಿಂತರೆ ಬಣ್ಣವೇ ಇಲ್ಲದ ಬಿಳಿ ಕಾಮನಬಿಲ್ಲು ಕಾಣುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬೆಳಗಿನ ನೆರಳು ಚಾಚಿದಾಗ ತಲೆಯ ಸುತ್ತ ಒಂದು ಪ್ರಭೆ ಮೂಡುತ್ತದೆ. ಪ್ರತಿಯೊಬ್ಬನಿಗೂ ತನ್ನ ತಲೆಯ ಸುತ್ತಲಿನದು ಮಾತ್ರ ಕಾಣುತ್ತದೆ, ಪಕ್ಕದವನದು ಕಾಣುವುದಿಲ್ಲ. ಇದನ್ನು ನಮ್ಮೂರಿನ ಮುಖಂಡರೊಬ್ಬರಿಗೆ ತೋರಿಸಿದ್ದೇ ತಡ, ಅವರು ಅದು ತಮಗೊಬ್ಬರಿಗೇ ಬಂದಿದೆಯೆಂದು ತಿಳಿದು, ಮುಂದಿನ ಚುನಾವಣೆಗೆ ನಿಂತೇಬಿಟ್ಟರು. ಹುಣ್ಣಿಮೆಯ ಚಂದ್ರ ಮೂಡುವಾಗ ಅಷ್ಟು ದೊಡ್ಡದಾಗಿ ಕಾಣುವುದು ಬರೀ ಭ್ರಮೆ, ಬಗ್ಗಿ ನಿಮ್ಮ ಕಾಲುಗಳ ಸಂದಿನಿಂದ ನೋಡಿದರೆ ಕುಗ್ಗಿಹೋಗುತ್ತದೆ. ಹೀಗೆ ಹೇಳಿ ತೀರ್ಥಹಳ್ಳಿಯ ತುಂಗೆಯ ದಂಡೆಯ ಮೇಲೆ ಗಣ್ಯರ ಸಾಲೊಂದನ್ನು ಚಂದ್ರನಿಗೆ ಬೆನ್ನು ಮಾಡಿಸಿ ಬಗ್ಗಿಸಿದ್ದೆ. ಆ ಫೋಟೋ ನನ್ನ ಬಳಿ ಇದೆ. ಯಾರೂ ಇನ್ನೂ ಕೇಳಿ ಬಂದಿಲ್ಲ.

ಆದರೆ ಪೂರ್ಣ ಸೂರ್ಯಗ್ರಹಣ ಮಾತ್ರ ನನಗೆ ದಕ್ಕಿರಲಿಲ್ಲ. ಉತ್ತರ ಭಾರತದಲ್ಲಿ ಒಂದು ಸಲ ಆದಾಗ ರೈಲು ಹತ್ತಿ ಹೋಗಿದ್ದೆ. ಅಲ್ಲೂ ಮಳೆಗಾಲ, ಮೋಡದ ಕೆಳಗೆ ಕತ್ತಲಾಯಿತು, ಮೋಡದ ಕೆಳಗೇ ಬೆಳಕಾಯಿತು. ಈ ಸಲ ಜುಲೈನಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಒಣ ಕಣಿವೆಗಳ ಮೇಲೆ ಅದು ಹಾದುಹೋಗುತ್ತದೆ ಎಂದು ತಿಳಿದಾಗ ಹೋಗಿಯೇ ತೀರುವುದೆಂದು ಹಠ ಹಿಡಿದೆ. ಜೊತೆಗೆ ಬರುತ್ತೇನೆಂದು ನನಗಿಂತ ಹೆಚ್ಚು ಹಠ ಹಿಡಿದವಳು ಜಲಜಕ್ಕ.

ಜಲಜಕ್ಕ ನನ್ನ ದೊಡ್ಡಪ್ಪನ ಮಗಳು, ತೀರ್ಥಹಳ್ಳಿಯಲ್ಲಿರುತ್ತಾಳೆ, ನನಗಿಂತ ಹದಿನೈದು ವರ್ಷ ದೊಡ್ಡವಳು. ನಿವೃತ್ತಿಯಾಗುವವರೆಗೆ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಗ್ರಹಣದ ಪಾಠವನ್ನು ಅವಳಷ್ಟು ಚೆನ್ನಾಗಿ ಹೇಳುವವರು ಆ ಸೀಮೆಯಲ್ಲಿರಲಿಲ್ಲ. ಆದರೆ ಗ್ರಹಣದ ದಿನ ಬಂದರೆ ಅವಳ ಅತ್ತೆ ಕಿಟಕಿ ಬಾಗಿಲು ಹಾಕಿಸಿ ಒಳಗೆ ಕೂರಿಸುತ್ತಿದ್ದರು. ಹಾಗಾಗಿ ಒಂದನ್ನೂ ಕಣ್ಣಾರೆ ಕಂಡವಳಲ್ಲ.

"ನೋಡದೇ ಇರೋದನ್ನ ಅಷ್ಟು ವರ್ಷ ಪಾಠ ಮಾಡಿದ್ನಲ್ಲ, ಒಂದ್ಸಲ ನೋಡ್ಕಂಡ್ ಬರ್ತೀನಿ ಮಾರಾಯ. ಆಮೇಲೆ ನೋಡೋಕೆ ಆಗ್ತದೋ ಇಲ್ವೋ" ಎಂದಳು.

ಆ ಕೊನೆಯ ಮಾತಿಗೆ ಕಾರಣವಿತ್ತು. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯಿಂದ ಅವಳ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಬೆಳಿಗ್ಗೆ ಸಂಜೆ ತಪ್ಪದೆ ಔಷಧದ ಹನಿ. ಇರುವುದೊಂದನ್ನು ಕಾಪಾಡಿಕೊಳ್ಳಿ, ಎಷ್ಟು ವರ್ಷ ಉಳಿಯುತ್ತದೆಂದು ನಾನು ಹೇಳಲಾರೆ ಎಂದಿದ್ದರಂತೆ ಡಾಕ್ಟರು. ಅಂಥ ಕಣ್ಣನ್ನು ಕರೆದುಕೊಂಡು ಭೂಮಿಯ ಆಚೆ ಬದಿಗೆ ಹೋಗಿ ಸೂರ್ಯನನ್ನು ನೋಡಿಸಿ ಸುರಕ್ಷಿತವಾಗಿ ವಾಪಸು ತರುವ ಹೊಣೆ ನನ್ನದಾಯಿತು.

ವಿಮಾನ ನಿಲ್ದಾಣಗಳು

ನಡುದಾರಿಯ ನಿಲ್ದಾಣವೊಂದರಲ್ಲಿ ನಮ್ಮ ಮುಂದಿನ ವಿಮಾನ ರದ್ದಾಯಿತು. ಎರಡು ದಿನ ಅಲ್ಲೇ. ಗ್ರಹಣಕ್ಕೆ ಮೂರು ದಿನ ಮೊದಲೇ ತಲುಪಿ ಜಾಗ ನೋಡಿಟ್ಟುಕೊಳ್ಳುವ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ನಾನು ಗಾಜಿನ ಗೋಡೆಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ. ಅಕ್ಕ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಮನೆಯ ಜಗಲಿಯಲ್ಲಿ ಕೂತವಳಂತೆ ಹೋಗಿಬರುವವರನ್ನು ನೋಡುತ್ತಿದ್ದಳು.

"ನಾಗು, ನೀ ತಿರುಗಿದ್ರೆ ವಿಮಾನ ಬರ್ತದಾ? ಕೂತ್ಕ ಬಾ. ನಿನ್ನ ನೋಡಿ ನಂಗೆ ತಲೆ ಸುತ್ತು ಬರ್ತದೆ."

ಹೊತ್ತು ಕಳೆಯಲು ಅವಳಿಗೆ ದಕ್ಷಿಣಾರ್ಧದ ಆಕಾಶದ ಬಗ್ಗೆ ಉಪನ್ಯಾಸ ಕೊಟ್ಟೆ. ಅಲ್ಲಿ ಎಲ್ಲ ತಿರುಗುಮುರುಗು ಅಕ್ಕ, ನಮ್ಮ ಮಳೆಗಾಲ ಅವರಿಗೆ ಚಳಿಗಾಲ, ಚಂದ್ರನೊಳಗಿನ ಮೊಲ ತಲೆಕೆಳಗಾಗಿರುತ್ತದೆ, ನಡುಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ ಎಂದೆಲ್ಲ ಕೈ ಆಡಿಸಿ ವಿವರಿಸಿದೆ. ಈ ಉಪನ್ಯಾಸವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಳ್ಳಲಿಲ್ಲ.

ಕೊನೆಗೆ ಚಿಲಿಯ ರಾಜಧಾನಿ ಸಾಂತಿಯಾಗೋದಲ್ಲಿ ಇಳಿದಾಗ ನನ್ನ ದೊಡ್ಡ ಚೀಲ ಬಂದಿರಲಿಲ್ಲ. ಕ್ಯಾಮೆರಾದ ಮುಕ್ಕಾಲಿ, ದಿಕ್ಸೂಚಿ, ಉಣ್ಣೆಯ ಬಟ್ಟೆ, ಎಲ್ಲ ಅದರಲ್ಲಿ. ಗ್ರಹಣದ ಕಪ್ಪು ಕನ್ನಡಕಗಳು ಮತ್ತು ಅಕ್ಕನ ಕಣ್ಣಿನ ಹನಿ ಮಾತ್ರ ಪುಣ್ಯಕ್ಕೆ ಅವಳ ಕೈಚೀಲದಲ್ಲಿದ್ದವು. ಆ ಕೈಚೀಲದಲ್ಲಿ ಇನ್ನೊಂದು ವಸ್ತುವಿದೆಯೆಂದು ನನಗೆ ಗೊತ್ತಿರಲಿಲ್ಲ. ಆ ದೇಶದವರು ಹೊರಗಿನ ಹಣ್ಣು, ಬೀಜ, ಸೊಪ್ಪು ಯಾವುದನ್ನೂ ಒಳಗೆ ಬಿಡುವುದಿಲ್ಲ. ಗಿಡಮರ ಏನೂ ಇಲ್ಲ ಎಂದು ನಾನು ಇಬ್ಬರ ಪರವಾಗಿ ಬರೆದುಕೊಟ್ಟಾಗಿತ್ತು. ಒಂದು ಸಣ್ಣ ನಾಯಿ ಬಂದು ಅಕ್ಕನ ಚೀಲವನ್ನು ಮೂಸಿ, ಅಲ್ಲೇ ಶಿಸ್ತಾಗಿ ಕೂತುಬಿಟ್ಟಿತು.

ಚೀಲದಿಂದ ಹೊರಬಂದದ್ದು ಒಂದು ಹಿಡಿ ದರ್ಭೆ.

"ಗ್ರಹಣದಲ್ಲಿ ನೀರಿನ ಮೇಲೆ ಹಾಕೋಕೆ ಬೇಕಲ್ಲ" ಎಂದಳು ಅಕ್ಕ, ನಾನೇ ಮರೆತು ಬಂದಿದ್ದೇನೆ ಎಂಬಂತೆ.

"ನೀನು ವಿಜ್ಞಾನ ಟೀಚರ್ ಅಕ್ಕ!"

"ಪಾಠ ಬೇರೆ, ಪದ್ಧತಿ ಬೇರೆ. ಎರಡನ್ನೂ ಒಂದೇ ಚೀಲದಲ್ಲಿ ತಂದಿದೀನಿ, ನಿಂಗೆಂತ ಕಷ್ಟ?"

ಹುಲ್ಲು ಯಾತಕ್ಕೆ ಎಂದು ಕೇಳಿದ ಅಧಿಕಾರಿಣಿಗೆ ಮೊಬೈಲಿನ ಅನುವಾದ ಹಿಡಿದು ವಿವರಿಸಿದೆ. ಅದು ಏನೆಂದು ಅನುವಾದಿಸಿತೋ, ಆಕೆ ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ನಕ್ಕಳು. ತನ್ನ ಅಜ್ಜಿಯೂ ಗ್ರಹಣದ ದಿನ ಬಸುರಿಯರ ಹೊಟ್ಟೆಗೆ ಕೆಂಪು ಪಟ್ಟಿ ಕಟ್ಟಿಸುತ್ತಿದ್ದಳು ಎಂದಳು. ನಗುನಗುತ್ತಲೇ ದರ್ಭೆಯನ್ನು ಕಸದ ಡಬ್ಬಿಗೆ ಹಾಕಿ ನಮ್ಮನ್ನು ಬಿಟ್ಟಳು. ಬಸುರಿಯರ ವಿಷಯದಲ್ಲಿ ಎರಡೂ ದೇಶ ಒಂದೇ ಎಂದು ಅಕ್ಕನಿಗೆ ಬಹಳ ಸಮಾಧಾನವಾಯಿತು.

ಎಲೆನಾಳ ಮನೆ

ಕಣಿವೆಯ ಹಳ್ಳಿ ತಲುಪಿದಾಗ ಗ್ರಹಣದ ಮುನ್ನಾದಿನದ ಕತ್ತಲಾಗಿತ್ತು. ನಾವು ಉಳಿದುಕೊಂಡದ್ದು ಎಲೆನಾ ಎಂಬ ಹೆಂಗಸಿನ ಮನೆಯಲ್ಲಿ. ಐವತ್ತು ದಾಟಿದವಳು, ಒಂಟಿ, ಹಿಂದೆ ಹೋಟೆಲೊಂದರ ಅಡುಗೆಮನೆಯಲ್ಲಿದ್ದವಳಾದ್ದರಿಂದ ಅರೆಬರೆ ಇಂಗ್ಲಿಷ್ ಬರುತ್ತಿತ್ತು. ಬಾಗಿಲು ತೆಗೆದವಳೇ ಅಕ್ಕನ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟಳು. ನನಗೂ ಇಟ್ಟಳು. ಅಲ್ಲಿಯವರ ನಮಸ್ಕಾರವೇ ಹಾಗೆ, ಅಂಗಡಿಗೆ ಹೋದರೂ ಅದೇ, ಜಗಳವಾಡಿ ಹೊರಡುವಾಗಲೂ ಅದೇ. ಅಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡು, "ಪಾಪ, ಪ್ರೀತಿ ಜಾಸ್ತಿ" ಎಂದಳು.

ಅಲ್ಲಿ ಸಂಜೆಯ ಚಹಾವೇ ಒಂದು ಊಟ. ರೊಟ್ಟಿಯ ಮೇಲೆ ಬೆಣ್ಣೆಹಣ್ಣು ಹಿಸುಕಿ, ಅದಕ್ಕೆ ಉಪ್ಪು. ನಾವು ಅದೇ ಹಣ್ಣಿಗೆ ಹಾಲು ಸಕ್ಕರೆ ಹಾಕಿ ಕುಡಿಯುತ್ತೇವೆ ಎಂದರೆ ಎಲೆನಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಮ್ಮೂರಿನ ಮಳೆಯ ವೀಡಿಯೋ ತೋರಿಸಿದಾಗಲಂತೂ ಬಾಯಿ ತೆರೆದು ಕೂತಳು. ಅವಳ ಮನೆಯ ಸೂರು ಹಲಗೆಯಂತೆ ಚಪ್ಪಟೆ. ಮಳೆ ಎಂದರೆ ಅವರಿಗೆ ವರ್ಷದಲ್ಲಿ ಯಾವತ್ತೋ ಬಂದುಹೋಗುವ ನೆಂಟ. ಈ ಶಬ್ದದಲ್ಲಿ ನೀವು ಹೇಗೆ ನಿದ್ದೆ ಮಾಡುತ್ತೀರಿ ಎಂದು ಕೇಳಿದಳು. ಈ ಶಬ್ದ ಇಲ್ಲದೆ ಇವತ್ತು ಹೇಗೆ ಮಲಗುವುದೆಂದೇ ನಮ್ಮ ಚಿಂತೆ ಎಂದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಮಂಜು. ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು! ಆಗುಂಬೆಯಿಂದ ತಪ್ಪಿಸಿಕೊಂಡು ಇಷ್ಟು ದೂರ ಬಂದರೆ ಅದು ನನ್ನನ್ನು ಹುಡುಕಿಕೊಂಡು ಬಂದಿದೆಯೆಂದು ಅಳು ಬಂತು. ಕಡಲಿನಿಂದ ಬರುವ ಮಂಜು, ಮಧ್ಯಾಹ್ನಕ್ಕೆ ಹೋಗುತ್ತದೆ, ದಿನಾ ಇದ್ದದ್ದೇ ಎಂದು ಎಲೆನಾ ಹೇಳಿದಳು. ನಾನು ನಂಬಲಿಲ್ಲ. ಅಂಗಳಕ್ಕೂ ಅಡುಗೆಮನೆಗೂ ಎಷ್ಟು ಸಲ ಅಲೆದೆನೆಂದರೆ ಬೀದಿಯಲ್ಲಿ ಮಲಗಿದ್ದ ನಾಯಿಗಳೂ ಎದ್ದು ನನ್ನ ಹಿಂದೆ ಅಲೆಯತೊಡಗಿದವು.

ಹಿತ್ತಿಲಿನ ದಿಬ್ಬ

ಮಂಜು ನಿಜಕ್ಕೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಪರದೆ ಸರಿಸಿದಂತೆ ಕಣಿವೆ ಕಂಡಿತು. ಒಂದು ಮರವಿಲ್ಲದ ಬೋಳು ಕಂದು ಗುಡ್ಡಗಳು, ಕೆಳಗೆ ತೆಳ್ಳಗೆ ಹರಿಯುವ ನದಿ, ಅದರ ಎರಡೂ ಬದಿ ದ್ರಾಕ್ಷಿ ತೋಟ. ನೀರು ಹಾಯುವಲ್ಲಿಗೆ ಹಸಿರು ನಿಲ್ಲುತ್ತಿತ್ತು, ಅಲ್ಲಿಂದಾಚೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಮೇಲೆ ನೀಲಿ ಆಕಾಶ ಮತ್ತು ಸೂರ್ಯ.

ಊರವರೆಲ್ಲ ನದಿಯಾಚೆಯ ಫುಟ್‌ಬಾಲ್ ಮೈದಾನಕ್ಕೆ ಹೋಗುತ್ತಾರೆ, ನಾವೂ ಹೋಗೋಣವೇ ಎಂದು ಎಲೆನಾ ಕೇಳಿದಳು. ಬೇಡವೆಂದೆ. ಅಲ್ಲಿ ಗಲಾಟೆ, ಧೂಳು. ಅವಳ ಹಿತ್ತಿಲಿನ ದಿಬ್ಬವೇ ಪ್ರಶಸ್ತವಾಗಿತ್ತು. ಸೂರ್ಯನಿಗೆ ಎದುರಾಗಿ ನಿಂತರೆ ಬಲಗಡೆ ಇಡೀ ಕಣಿವೆ ತೆರೆದುಕೊಂಡಿತ್ತು, ಎಡಗಡೆ ಮಾತ್ರ ಒಂದು ಗುಡ್ಡ ಅಡ್ಡವಿತ್ತು. ಗ್ರಹಣ ಪೂರ್ಣವಾಗುವುದು ಇಳಿಹೊತ್ತಿನಲ್ಲಿ. ಆ ಹೊತ್ತಿಗೆ ಸೂರ್ಯ ಬಲಕ್ಕಿಳಿದು ಆ ಬಯಲಿನ ಮೇಲಿರುತ್ತಾನೆ ಎಂದು ಕೈ ಚಾಚಿ ಗೇಣಿನಲ್ಲಿ ಅಳೆದು ತೋರಿಸಿದೆ.

"ಖಾತ್ರಿಯಾ?" ಎಂದಳು ಅಕ್ಕ.

"ಖಾತ್ರಿ ಅಕ್ಕ. ಸೂರ್ಯ ಎಲ್ಲಿಗೆ ಹೋಗ್ತಾನೆ ಅಂತ ನಂಗೆ ಗೊತ್ತಿಲ್ವಾ?"

ನಾನು ಎಡವಿದ್ದು ಇಲ್ಲೇ. ನಡುಹಗಲಿನ ಸೂರ್ಯ ಇರುವ ದಿಕ್ಕು ತೆಂಕಣ, ಅವನು ಅಲ್ಲಿಂದ ಬಲಕ್ಕೆ ಜಾರಿ ಪಡುವಣದಲ್ಲಿ ಮುಳುಗುತ್ತಾನೆ ಎಂಬುದು ಮಲೆನಾಡಿನವರ ಮೈಗೆ ಗೊತ್ತಿರುವ ಸಂಗತಿ. ಮಳೆಗಾಲ ಕಳೆದ ಮೇಲೆ ಅಡಿಕೆ ಮರದ ಕಾಂಡ ಸುಡದಂತೆ ತೆಂಕು-ಪಡುವಣದ ಬದಿಗೇ ಹಾಳೆ ಕಟ್ಟುವುದನ್ನು ನೋಡಿ ಬೆಳೆದವರು ನಾವು. ನಿಜ ಹೇಳಬೇಕೆಂದರೆ ಮೇ ತಿಂಗಳಿಂದ ಆಗಸ್ಟಿನವರೆಗೆ ಹೊಸನಗರದಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಬಡಗಣಕ್ಕೆ ವಾಲಿರುತ್ತಾನೆ. ಆದರೆ ಆ ದಿನಗಳಲ್ಲಿ ನಮ್ಮಲ್ಲಿ ಅವನನ್ನು ಕಂಡವರು ಯಾರು? ಮೋಡದ ಮೇಲೆ ಅವನು ಏನು ಮಾಡುತ್ತಾನೋ ಅದು ಪುಸ್ತಕದಲ್ಲಿ ಮಾತ್ರ ಇರುವ ವಿಷಯ. ಎರಡು ದಿನದ ನಿದ್ದೆಗೇಡಿನಲ್ಲಿ ಪುಸ್ತಕ ಮರೆತುಹೋಗಿ ಮೈಯ ನೆನಪು ಉಳಿದಿತ್ತು.

ಎಚ್ಚರಿಸಲು ಎರಡು ಸಾಕ್ಷಿಗಳಿದ್ದವು. ಮೊಬೈಲಿನ ದಿಕ್ಸೂಚಿ ಸೂರ್ಯನ ಕಡೆಯೇ ಉತ್ತರವೆಂದು ತೋರಿಸುತ್ತಿತ್ತು. ಎಲೆನಾಳ ಸೂರಿನ ತಗಡಿಗೆ ಅದರ ತಲೆಕೆಟ್ಟಿದೆ ಎಂದುಕೊಂಡೆ. ಇನ್ನೊಂದು ಸಾಕ್ಷಿ ನದಿ. ಅದು ಬಲದಿಂದ ಎಡಕ್ಕೆ ಹರಿಯುತ್ತಿತ್ತು. ನನ್ನ ಲೆಕ್ಕದ ಪ್ರಕಾರ ಪಡುವಣದಿಂದ ಮೂಡಣಕ್ಕೆ, ಕಡಲಿಗೆ ಬೆನ್ನು ಹಾಕಿಕೊಂಡು. ಬೇರೆ ಯಾವ ಊರಿನವನಾದರೂ ಇಲ್ಲೇನೋ ಎಡವಟ್ಟಾಗಿದೆ ಎಂದು ನಿಲ್ಲುತ್ತಿದ್ದ. ನಮ್ಮ ತುಂಗೆ ಹರಿಯುವುದೇ ಹಾಗಲ್ಲವೇ? ವರದಮೂಲದಲ್ಲಿ ಹುಟ್ಟುವ ವರದೆಯೂ ಕಡಲು ಹತ್ತಿರವಿದ್ದರೂ ಅತ್ತ ಮುಖ ಮಾಡದೆ ಮೂಡಣದ ಬಯಲಿಗೆ ಹೋಗುತ್ತಾಳೆ. ನದಿಯೆಂದರೆ ಹಾಗೇ ಹರಿಯಬೇಕು ಎಂದು ನನಗೆ ಒಂಚೂರೂ ಸಂಶಯ ಬರಲಿಲ್ಲ.

ಅಕ್ಕ ಗ್ರಹಣದ ಮೊದಲಿನ ಸ್ನಾನ ಮುಗಿಸಿ ಬಂದಳು. ಎಲೆನಾ ಮಾಡಿಟ್ಟ ಕಡುಬಿನಂಥ ತಿಂಡಿಯನ್ನು ಮುಟ್ಟಲಿಲ್ಲ. ಗ್ರಹಣ ಬಿಡುವವರೆಗೆ ತಿನ್ನುವುದಿಲ್ಲ ಎಂದು ನಾನು ಹೇಳಿದ ಮೇಲೆ ಎಲೆನಾ ತನ್ನ ತಟ್ಟೆಯನ್ನೂ ಮುಚ್ಚಿಟ್ಟಳು. ನೆಂಟರು ತಿನ್ನದಿರುವಾಗ ತಾನು ಹೇಗೆ ತಿನ್ನಲಿ ಎಂದಳು. ತಿಂದವನು ನಾನೊಬ್ಬನೇ. ಅಕ್ಕ ಒದ್ದೆ ಸೀರೆಯನ್ನು ಹಿತ್ತಿಲಿನ ತಂತಿಯ ಮೇಲೆ, ಇಳಿಬಿಸಿಲು ಬರುವ ಕಡೆ ನೋಡಿ ಹರವಿದಳು.

ಸೂರ್ಯನ ಅಂಚಿನಲ್ಲಿ ಮೊದಲ ಕಚ್ಚು ಬಿತ್ತು. ಕಪ್ಪು ಕನ್ನಡಕದಲ್ಲಿ ಅಂಚು ಮುರಿದ ಹಪ್ಪಳದಂತೆ ಕಂಡಿತು. ಎಲೆನಾಳ ಹುಲ್ಲಿನ ಟೋಪಿಯ ತೂತುಗಳಿಂದ ತೂರಿದ ಬಿಸಿಲು ಅಕ್ಕನ ಸೀರೆಯ ಮೇಲೆಲ್ಲ ಸಣ್ಣ ಸಣ್ಣ ಕಚ್ಚಿದ ಸೂರ್ಯರನ್ನು ಚೆಲ್ಲಿತು. ಒಂದು ತೂತಿಗೆ ಒಂದು ಸೂರ್ಯ. ನಾನು ಕುಣಿದಾಡಿ ಇಬ್ಬರಿಗೂ ತೋರಿಸಿದೆ. ಅಕ್ಕ ಸೆರಗು ಹಿಡಿದು ಬಲಗಣ್ಣಿನ ಹತ್ತಿರ ತಂದು, ಒಂದೊಂದನ್ನೇ ನೋಡಿ, ಮಗುವಿನಂತೆ ನಕ್ಕಳು.

ಆಮೇಲೆ ಸೀರೆ ಮಡಚಲು ತಂತಿಯ ಬಳಿ ಹೋದವಳು ಅಲ್ಲೇ ನಿಂತಳು.

"ನಾಗು, ಇಲ್ಲಿ ಬಾ ಸ್ವಲ್ಪ. ಸೀರೆ ಒಣಗಿಲ್ಲ."

"ಈಗ ಸೀರೆ ಮಾತಾ ಅಕ್ಕ?"

"ಬಿಸಿಲು ಈ ಕಡೆ ಬರ್ಲೇ ಇಲ್ಲ ಮಾರಾಯ. ಎಡಕ್ಕೆ ಹೋಗ್ತಾ ಇದೆ. ಆ ಗುಡ್ಡದ ಕಡೆ."

ನಾನು ನೆರಳು ನೋಡಿದೆ, ಸೂರ್ಯನನ್ನು ನೋಡಿದೆ, ಮೊಬೈಲು ನೋಡಿದೆ. ವಿಮಾನ ನಿಲ್ದಾಣದಲ್ಲಿ ಕೈ ಆಡಿಸಿ ಹೇಳಿದ್ದೆಲ್ಲ ಒಟ್ಟಿಗೆ ನೆನಪಾಯಿತು. ನಾವು ಮುಖ ಮಾಡಿದ್ದು ಬಡಗಣಕ್ಕೆ, ಎಡಗಡೆ ಅಡ್ಡವಿದ್ದ ಗುಡ್ಡವೇ ಪಡುವಣ. ಸೂರ್ಯ ನೆಟ್ಟಗೆ ಅದರ ಹಿಂದಕ್ಕೆ ಇಳಿಯುತ್ತಿದ್ದ. ಗ್ರಹಣ ಪೂರ್ಣವಾಗುವ ಮೊದಲೇ ನಮ್ಮ ಪಾಲಿಗೆ ಮುಳುಗಲಿದ್ದ.

"ಚಳಿಗಾಲದಲ್ಲಿ ನಮ್ಮ ಮನೆಗೆ ಬೇಗ ಕತ್ತಲು" ಎಂದಳು ಎಲೆನಾ ನಿಧಾನವಾಗಿ. "ನೀವು ತಿಳಿದವರು, ಏನೋ ಕಾರಣವಿರಬೇಕು ಅಂದುಕೊಂಡೆ."

ಸೋಫಾ

ಮೈದಾನಕ್ಕೆ ಹೋಗುವುದೊಂದೇ ದಾರಿ. ಯಾರಿಗೂ ಫೋನು ಹತ್ತಲಿಲ್ಲ. ಕಣಿವೆಗೆ ಬಂದ ಜನರ ಭಾರಕ್ಕೆ ನೆಟ್‌ವರ್ಕ್ ಸತ್ತುಹೋಗಿತ್ತು. ನಡೆದೇ ಹೊರಟೆವು. ಎಲೆನಾ ಮುಂದೆ, ಅಕ್ಕ ನಡುವೆ, ನಾನು ಒಮ್ಮೆ ಮುಂದೆ ಒಮ್ಮೆ ಹಿಂದೆ. ಇಳಿ ದಾರಿಯಲ್ಲಿ ಜಲ್ಲಿ. ಒಂದೇ ಕಣ್ಣಿನವರಿಗೆ ಮೆಟ್ಟಿಲಿನ ಆಳ, ತಗ್ಗು ದಿಣ್ಣೆ ಬೇಗ ತಿಳಿಯುವುದಿಲ್ಲ. ಅಕ್ಕ ಒಂದೊಂದು ಹೆಜ್ಜೆಯನ್ನೂ ತಡವಿ ಇಡುತ್ತಿದ್ದಳು. ಬೇಗ ನಡಿ ಎನ್ನಲು ಬಾಯಿ ಬರಲಿಲ್ಲ, ಎನ್ನದೆ ಇರಲೂ ಆಗಲಿಲ್ಲ.

"ನೀನು ಮುಂದೆ ಓಡು ನಾಗು" ಎಂದಳು. "ನೀನಾದ್ರೂ ನೋಡು. ಈಕೆ ಜೊತೆ ನಾ ಬರ್ತೀನಿ."

"ಸುಮ್ನೆ ನಡಿ ಅಕ್ಕ" ಎಂದು ರೇಗಿದೆ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ.

ಬಿಸಿಲಿನ ಬಣ್ಣ ಕೆಡತೊಡಗಿತ್ತು. ಸಂಜೆಯ ಹಳದಿಯಲ್ಲ, ತೊಳೆದ ಸ್ಟೀಲಿನ ಪಾತ್ರೆಯಂಥ ಬಣ್ಣ. ಅಷ್ಟರಲ್ಲಿ ಹಿಂದಿನಿಂದ ಒಂದು ಹಳೆಯ ಟ್ರಕ್ಕು ಬಂತು. ಹಿಂಬದಿಯ ತೊಟ್ಟಿಯಲ್ಲಿ ನಾಲ್ಕೈದು ಜನ, ಮತ್ತು ಒಂದು ಸೋಫಾ. ಗ್ರಹಣವನ್ನು ಆರಾಮಾಗಿ ಕೂತು ನೋಡಲೆಂದು ಮನೆಯ ಸೋಫಾವನ್ನೇ ಹೊತ್ತುಕೊಂಡು ಹೊರಟಿದ್ದರು! ಎಲೆನಾ ದಾರಿಗೆ ಅಡ್ಡ ನಿಂತಳು. ಏನೋ ಕೂಗಾಡಿದಳು, ಎಲ್ಲರ ಕೆನ್ನೆಗೂ ಮುತ್ತಿಟ್ಟಳು. ಅವರು ಇಳಿದು ಅಕ್ಕನನ್ನು ಎತ್ತಿ ಸೋಫಾದ ನಡುವೆ ಕೂರಿಸಿದರು. ಅಡ್ಡಪಲ್ಲಕ್ಕಿಯ ಮೇಲಿನ ಸ್ವಾಮಿಗಳಂತೆ ಅಕ್ಕ ದ್ರಾಕ್ಷಿ ತೋಟಗಳ ನಡುವೆ ಸಾಗಿದಳು. ಅಂಥ ಆತಂಕದಲ್ಲೂ ದಾರಿಬದಿಯವರು ಕೈಬೀಸಿದಾಗ ತಿರುಗಿ ಬೀಸಿದಳು.

ಮೈದಾನ

ಮೈದಾನದಿಂದ ಪಡುವಣದ ಕಡೆ ಕಣಿವೆ ಬಾಯಿ ತೆರೆದಿತ್ತು. ಸೂರ್ಯ ಅಲ್ಲಿದ್ದ, ಗುಡ್ಡಗಳಿಗಿಂತ ಸ್ವಲ್ಪ ಮೇಲೆ, ಉಗುರಿನ ಚೂರಿನಷ್ಟು ಉಳಿದಿದ್ದ. ಸೋಫಾ ಇಳಿಸಿದರು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮುಖವೆತ್ತಿ ಕೂತಳು. ಚಳಿ ಒಮ್ಮೆಲೇ ಏರಿತು. ನಾಯಿಗಳು ಬಾಲ ಸುತ್ತಿ ಮಲಗಿದವು. ಆಮೇಲೆ ಯಾರೋ ದೀಪ ಕಡಿಮೆ ಮಾಡಿದಂತೆ ಕತ್ತಲು ಬಂತು, ಇಡೀ ಮೈದಾನ ಒಂದೇ ದನಿಯಲ್ಲಿ ಚೀರಿತು.

"ತೆಗಿ ಅಕ್ಕ! ಕನ್ನಡಕ ತೆಗಿ, ಈಗ ಬರಿಗಣ್ಣಲ್ಲಿ ನೋಡ್ಬೇಕು!"

ಅಕ್ಕನ ಎರಡೂ ಕೈ ಕನ್ನಡಕವನ್ನು ಒತ್ತಿ ಹಿಡಿದಿದ್ದವು.

"ಖಾತ್ರಿಯಾ?"

"ಖಾತ್ರಿ."

"ಮಧ್ಯಾಹ್ನನೂ ಖಾತ್ರಿ ಅಂದಿದ್ದೆ ನಾಗು. ನನ್ನ ಹತ್ರ ಇರೋದು ಇದೊಂದು."

ಸಿಟ್ಟಿಲ್ಲದೆ ಹೇಳಿದಳು. ಎರಡು ನಿಮಿಷ ಚಿಲ್ಲರೆಯ ಹೊತ್ತು, ಅದು ಓಡುತ್ತಿತ್ತು. ಅವಳ ಮುಂದೆ ಮೊಣಕಾಲೂರಿ ಕೂತೆ. ಸೂರ್ಯ ನನ್ನ ಬೆನ್ನಿಗೆ ಬಂದ.

"ಕನ್ನಡಕದಲ್ಲಿ ಎಂತಾದ್ರೂ ಕಾಣ್ತಾ ಇದೆಯಾ ಅಕ್ಕ?"

"ಎಂತದೂ ಇಲ್ಲ. ಕಪ್ಪು."

"ಸೂರ್ಯನ ಒಂದು ಚೂರು ಹೊರಗಿದ್ರೂ ಅದ್ರಲ್ಲಿ ಕಾಣ್ಬೇಕು. ಕಾಣ್ತಿಲ್ಲ ಅಂದ್ರೆ ಪೂರ್ತಿ ಮುಚ್ಚಿದೆ. ಇದು ನನ್ನ ಮಾತಲ್ಲ, ನಿನ್ನ ಕಣ್ಣೇ ಹೇಳ್ತಾ ಇದೆ. ತೆಗಿ. ನಾನು ಗಡಿಯಾರ ನೋಡ್ತಾ ಇರ್ತೀನಿ, ಬೆಳಕು ಬರೋ ಮುಂಚೆ ಕೈ ಅಡ್ಡ ಹಿಡೀತೀನಿ."

ಪಾಠದ ಮಾತು ಅವಳಿಗೆ ಅರ್ಥವಾಗುವ ಮಾತು. ಕನ್ನಡಕ ತೆಗೆದಳು.

ಅವಳ ಮುಖ ನೋಡಿದೆ. ಜೀವಮಾನವೆಲ್ಲ ಮುಖಗಳಿಗೆ ಬೆಳಕು ಹೊಂದಿಸಿದವನು ನಾನು, ಅಂಥ ಬೆಳಕನ್ನು ಯಾವ ಮುಖದ ಮೇಲೂ ಕಂಡಿರಲಿಲ್ಲ. ಬೆಳದಿಂಗಳಿಗಿಂತ ಗಾಢ, ಅಂಚಿನಲ್ಲಿ ಸುತ್ತಲಿನ ದಿಗಂತದ ಕೇಸರಿ. ಬಾಯಿ ಅರೆ ತೆರೆದಿತ್ತು. ಬಲಗಣ್ಣು ಅಗಲವಾಗಿ ತೆರೆದು, ಅದರಲ್ಲಿ ನೀರು ತುಂಬಿ, ಆ ನೀರಿನಲ್ಲಿ ಒಂದು ಬಿಳಿಯ ಚುಕ್ಕೆ. ತಿರುಗಿ ನೋಡು, ಒಂದು ಸಲ ತಿರುಗಿ ನೋಡು ಎಂದು ಕತ್ತಿನ ನರಗಳೆಲ್ಲ ಎಳೆಯುತ್ತಿದ್ದವು. ಗಡಿಯಾರದ ಮುಳ್ಳಿನಿಂದ ಕಣ್ಣು ತೆಗೆದರೆ ಲೆಕ್ಕ ತಪ್ಪುತ್ತದೆ. ಆ ದಿನ ಒಂದು ಲೆಕ್ಕ ಆಗಲೇ ತಪ್ಪಿದ್ದೆ.

"ಅಯ್ಯೋ, ನೀನೂ ನೋಡೋ" ಎಂದಳು, ಕಣ್ಣು ಕೀಳದೆ.

"ನೋಡ್ತಾ ಇದೀನಿ ಅಕ್ಕ."

ಇನ್ನೇನು ಹೊತ್ತು ಮುಗಿಯಿತು ಎನ್ನುವಾಗ, ಹೆದರಿಕೆಗೆ ನಾಲ್ಕು ಸೆಕೆಂಡು ಮೊದಲೇ, ಅವಳ ಕಣ್ಣಿಗೆ ಅಂಗೈ ಅಡ್ಡ ಹಿಡಿದೆ. ಅವಳು ನನ್ನ ಕೈಗೆ ಫಟ್ಟನೆ ಹೊಡೆದಳು.

"ಇನ್ನೂ ಇತ್ತಲ್ಲೋ!"

ಅಷ್ಟರಲ್ಲಿ ನನ್ನ ಕೈಯ ಮೇಲೆ ಬಿಸಿಲು ಬಿತ್ತು. ಜನ ಕುಣಿಯುತ್ತಿದ್ದರು, ಸೋಫಾದವರು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು. ಅಕ್ಕ ಮಾತ್ರ ತಡೆಯಿಲ್ಲದೆ ಮಾತಾಡುತ್ತಿದ್ದಳು. ಆ ಬಿಳಿ ಎಳೆಗಳು ನೋಡಿದ್ಯಾ, ಒಂದು ಕಡೆ ಉದ್ದ ಇದ್ವಲ್ಲ, ಅಂಚಲ್ಲಿ ಕುಂಕುಮದ ಚುಕ್ಕಿ ಥರ ಇತ್ತಲ್ಲ ಎಂದು ಕೇಳುತ್ತಿದ್ದಳು. ನಾನು ಎಲ್ಲದಕ್ಕೂ ಹೂಂ ಎಂದೆ. ಸಂಜೆ ಅವಳ ಬಲಗಣ್ಣಿನ ಪರೀಕ್ಷೆಗೆಂದು ಗೋಡೆಯ ಕ್ಯಾಲೆಂಡರು ಓದಿಸಿದೆ. ಆ ಭಾಷೆಯ ಅಕ್ಷರಗಳನ್ನೆಲ್ಲ ತಪ್ಪಿಲ್ಲದೆ ಓದಿದಳು. ಆಮೇಲೆ ಎಲೆನಾಳ ಕಡುಬುಗಳನ್ನು ಮೂವರೂ ತಿಂದೆವು.

ವಾಪಸು ಬಸ್ಸಿನಲ್ಲಿ

ಹೊರಡುವ ಮೊದಲು ಎಲೆನಾ ತನ್ನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋವನ್ನು ಅಕ್ಕನಿಗೆ ತೋರಿಸಿದ್ದಳು. ಕತ್ತಲ ಮೈದಾನ, ನೂರಾರು ಜನ, ಎಲ್ಲರ ಮುಖ ಮೇಲಕ್ಕೆ. ನಡುವೆ ಒಬ್ಬ ಆಕಾಶಕ್ಕೆ ಬೆನ್ನು ಮಾಡಿ ಮೊಣಕಾಲೂರಿ, ಒಂದು ಕೈಯಲ್ಲಿ ಗಡಿಯಾರ ಹಿಡಿದು, ಇನ್ನೊಂದು ಕೈಯೆತ್ತಿ ಕಾದಿದ್ದಾನೆ. ಅಕ್ಕ ಅದನ್ನು ಬಲಗಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಮೊಬೈಲು ವಾಪಸು ಕೊಟ್ಟಳು. ಎಲೆನಾಳ ಕೆನ್ನೆಗೆ ತಾನೇ ಮುಂದಾಗಿ ಮುತ್ತಿಟ್ಟಳು.

ಬಸ್ಸು ಹೊರಟು ತುಂಬ ದೂರ ಬಂದಿತ್ತು. ಅವಳು ಕಣ್ಣಿಗೆ ಹನಿ ಹಾಕಿಕೊಂಡು, ರೆಪ್ಪೆ ಮುಚ್ಚಿ, ತಲೆ ಹಿಂದಕ್ಕೆ ಆನಿಸಿ ಕೂತಿದ್ದಳು. ನಿದ್ದೆ ಬಂದಿದೆ ಎಂದುಕೊಂಡು ನಾನು ಎದ್ದು ಓಡಾಡಲು ಹೊರಟೆ. ಅಂಗಿಯ ತುದಿ ಹಿಡಿದು ಕೂರಿಸಿದಳು.

"ಮುಂದಿನ ಗ್ರಹಣ ಯಾವ ದೇಶದಲ್ಲಿ ಬರ್ತದೆ?"

"ಇನ್ನೂ ವರ್ಷಗಳಿವೆ ಅಕ್ಕ. ಆಗ ನಿನ್ನ..." ಎಂದವನು ನಿಲ್ಲಿಸಿದೆ.

"ಕಣ್ಣು ಇರ್ತದೋ ಇಲ್ವೋ ಅಂತ ತಾನೆ? ಇಲ್ದಿದ್ರೂ ಬರ್ತೀನಿ." ಮುಚ್ಚಿದ ರೆಪ್ಪೆಯಡಿಯಿಂದ ಔಷಧದ ನೀರು ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಸೆಕೆಂಡ್ ಎಣಿಸೋಕೆ ಕಣ್ಣು ಯಾಕೆ ಬೇಕು? ನಾನು ಬಾಯಲ್ಲಿ ಎಣಿಸ್ತೀನಿ. ನೀನು ನೋಡು."